ಸ್ಕೀ ರಜೆಗೆ ತಯಾರಿ: ಮೊದಲು ಕಾಲು, ಆಮೇಲೆ ಜಾಕೆಟ್ಟು

ಸ್ಕೀ ಟ್ರಿಪ್ ಫಿಕ್ಸ್ ಆದ ತಕ್ಷಣ ತುಂಬಾ ಜನ ಮೊದಲು ಹುಡುಕೋದು ಜಾಕೆಟ್ಟು. ಯಾವ ಬಣ್ಣ, ಎಷ್ಟು ದಪ್ಪ, ಫೋಟೋದಲ್ಲಿ ಹೇಗೆ ಕಾಣತ್ತೆ ಅಂತ ವಾರಗಟ್ಟಲೆ ನೋಡ್ತಾರೆ, ಬೂಟು ಮಾತ್ರ ಅಲ್ಲೇ ಬಾಡಿಗೆಗೆ ತಗೊಂಡ್ರಾಯ್ತು ಅಂತ ಬಿಟ್ಬಿಡ್ತಾರೆ. ನಾನು ನೋಡಿದ ಮಟ್ಟಿಗೆ ಬೆಟ್ಟದ ಮೇಲೆ ರಜೆ ಕೆಡೋದು ಜಾಕೆಟ್ಟಿಂದ ಅಲ್ಲ, ಸೊಂಟದಿಂದ ಕೆಳಗೆ. ತೊಡೆಲಿ ಶಕ್ತಿ ಇಲ್ಲ, ಬೂಟು ಸರಿಯಾಗಿ ಕೂತಿಲ್ಲ, ಪಾದ ಮರಗಟ್ಟಿದೆ, ಈ ಮೂರರಲ್ಲಿ ಒಂದಾದ್ರೂ ಇರತ್ತೆ.

ನನ್ನ ಮೊದಲನೇ ಟ್ರಿಪ್ಪಲ್ಲಿ ಚಳಿಗೆ ಹೆದರಿ ದಪ್ಪ ಉಣ್ಣೆ ಸಾಕ್ಸ್ ಎರಡು ಜೊತೆ ಹಾಕ್ಕೊಂಡೆ, ಅದು ಹಿಡಿಸ್ಲಿ ಅಂತ ಒಂದು ಸೈಜ್ ದೊಡ್ಡ ಬೂಟು ಕೇಳ್ದೆ, ಬಾಡಿಗೆ ಅಂಗಡಿಯವ್ರು ಗಡಿಬಿಡಿಲಿ ಕೇಳಿದ್ದನ್ನ ಕೊಟ್ಟು ಕಳಿಸಿದ್ರು. ಮಧ್ಯಾಹ್ನದ ಹೊತ್ತಿಗೆ ಬೆರಳು ಇದ್ಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ, ಪ್ರತಿ ತಿರುವಲ್ಲೂ ಹಿಮ್ಮಡಿ ಮೇಲೇಳ್ತಿತ್ತು, ಮೊಣಕಾಲಿಂದ ಕೆಳಗಿನ ಮೂಳೆ ಬೂಟಿನ ಅಂಚಿಗೆ ಹೊಡೆದು ಹೊಡೆದು ನೀಲಿಗಟ್ಟಿತ್ತು. ಎರಡನೇ ದಿನ ಪೂರ್ತಿ ಕಿಟಕಿ ಪಕ್ಕ ಕೂತು ಬೇರೆಯವ್ರು ಇಳಿಯೋದನ್ನ ನೋಡ್ದೆ. ಅದಕ್ಕೇ ಈ ಗೈಡಲ್ಲಿ ಕಾಲಿನ ವಿಷಯ ಜಾಸ್ತಿ ಇದೆ.

ಹೆಜ್ಜೆ 1: ಜಾಗ ಮತ್ತು ತಿಂಗಳು

ಉತ್ತರ ಗೋಳಾರ್ಧದಲ್ಲಿ ಸೀಸನ್ ಸಾಮಾನ್ಯವಾಗಿ ಡಿಸೆಂಬರಿಂದ ಏಪ್ರಿಲ್, ದಕ್ಷಿಣದ ಕಡೆ ಜೂನಿಂದ ಸೆಪ್ಟೆಂಬರ್, ಕೆಲವು ಕಡೆ ಅಕ್ಟೋಬರ್ ತನಕ. ಜನವರಿಲಿ ಹಿಮ ಒಣಗಿ ಚೆನ್ನಾಗಿರತ್ತೆ ಆದ್ರೆ ಹಗಲು ಚಿಕ್ಕದು, ಚಳಿ ಜಾಸ್ತಿ. ಮಾರ್ಚಲ್ಲಿ ಬಿಸಿಲು ಇರತ್ತೆ, ಬೆಳಿಗ್ಗೆ ಹಿಮ ಕಲ್ಲಿನ ಥರ ಗಟ್ಟಿ, ಮಧ್ಯಾಹ್ನ ಮೇಲೆ ಒದ್ದೆಯಾಗಿ ಭಾರ ಆಗಿ ಸ್ಕೀ, ಅಂದ್ರೆ ಕಾಲಿಗೆ ಹಾಕೋ ಉದ್ದ ಹಲಗೆ, ತಿರುಗಿಸೋಕೇ ಕಷ್ಟ. ಹೊಸಬರು ಸ್ಕೀ ಸ್ಕೂಲು, ಅಗಲವಾದ ಸುಲಭ ಇಳಿಜಾರು, ಬೆಟ್ಟದ ಮೇಲಕ್ಕೆ ಕರ್ಕೊಂಡು ಹೋಗೋ ನಿಧಾನದ ಲಿಫ್ಟು ಇರೋ ಜಾಗ ನೋಡಿ, ಎಷ್ಟು ಕಿಲೋಮೀಟರ್ ಸ್ಲೋಪ್ ಇದೆ ಅನ್ನೋ ಲೆಕ್ಕ ನಿಮಗೆ ಮೊದಲ ವಾರದಲ್ಲಿ ಬೇಕಾಗಲ್ಲ.

ಎತ್ತರನೂ ನೋಡಿ. ಮೇಲೆ ಹೋದ ಹಾಗೆ 1000 ಮೀಟರಿಗೆ ಸರಾಸರಿ 6.5 ಡಿಗ್ರಿ ಚಳಿ ಜಾಸ್ತಿ ಆಗತ್ತೆ, ಹಾಗಾಗಿ ಊರಲ್ಲಿ ಸೊನ್ನೆ ಇದ್ರೆ ಲಿಫ್ಟಿನ ತುದಿಲಿ ಸೊನ್ನೆ ಇರಲ್ಲ. ಮಲಗೋ ಜಾಗವೇ ಸುಮಾರು 2500 ಮೀಟರಿಗಿಂತ ಮೇಲಿದ್ರೆ ತಲೆನೋವು, ವಾಕರಿಕೆ, ನಿದ್ದೆ ಬರದಿರೋದು ಆಗಬಹುದು, ಮೊದಲ ದಿನ ಜಾಸ್ತಿ ದಣಿಬೇಡಿ, ನೀರು ಕುಡೀರಿ, ಮದ್ಯ ಬೇಡ. ತಲೆನೋವಿದ್ದಾಗ ಇನ್ನೂ ಮೇಲಕ್ಕೆ ಹೋಗ್ಬಾರ್ದು, ಜಾಸ್ತಿ ಆಗ್ತಾ ಇದ್ರೆ ಕೆಳಗಿಳೀಬೇಕು, ಇದರಲ್ಲಿ ಹಟ ಬೇಡ.

ಹೆಜ್ಜೆ 2: ಎಂಟು ವಾರ ಮುಂಚೆ ಕಾಲಿಗೆ ಕೆಲಸ ಕೊಡಿ

ಹೊರಡೋ ಹಿಂದಿನ ವಾರ ಜಿಮ್ಮಿಗೆ ಓಡೋದು ಅಂದ್ರೆ ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ ಹಾಗೆ, ಮೈಕೈ ನೋವು ಇಟ್ಕೊಂಡು ವಿಮಾನ ಹತ್ತಬೇಕಾಗತ್ತೆ ಅಷ್ಟೆ. ಕನಿಷ್ಠ ಆರು ವಾರ, ಸಾಧ್ಯ ಆದ್ರೆ ಎಂಟು ವಾರ ಬೇಕು, ವಾರಕ್ಕೆ ಮೂರು ದಿನ ಸಾಕು.

ಮೊದಲು ಒಂದು ವಿಷಯ ಅರ್ಥ ಮಾಡ್ಕೊಳ್ಳಿ. ಸ್ಕೀಯಿಂಗ್ ಅಂದ್ರೆ ಇಳಿಯೋ ಕೆಲಸ, ಹತ್ತೋ ಕೆಲಸ ಲಿಫ್ಟು ಮಾಡತ್ತೆ. ಇಳಿಯುವಾಗ ತೊಡೆಯ ಸ್ನಾಯು ಉದ್ದ ಆಗ್ತಾ ಆಗ್ತಾನೇ ಭಾರ ತಡೀತಾ ಇರತ್ತೆ, ಆ ಥರದ ಕೆಲಸ ಸೈಕಲ್ಲಲ್ಲಿ ಸಿಗೋದೇ ಇಲ್ಲ ಅನ್ನಬಹುದು, ಹಾಗಾಗಿ ದಿನಾ ಸೈಕಲ್ ಹೊಡೆಯೋರಿಗೂ ಸ್ಕೀ ಮಾಡಿದ ಮಾರನೇ ದಿನ ಮೆಟ್ಟಿಲು ಇಳಿಯೋಕೆ ಆಗಲ್ಲ. ಇದಕ್ಕೆ ಸುಲಭದ ಔಷಧಿ ಮೆಟ್ಟಿಲೇ. ಯಾವುದಾದ್ರೂ ಬಿಲ್ಡಿಂಗಿನ ಲಿಫ್ಟಲ್ಲಿ ಮೇಲೆ ಹೋಗಿ ನಡ್ಕೊಂಡು ಇಳೀರಿ, ನಿಧಾನಕ್ಕೆ, ದಬದಬ ಅಂತ ಅಲ್ಲ, ಪಾದ ಸದ್ದಾಗದ ಹಾಗೆ ಇಟ್ಟು. ಮೊದಲ ವಾರ ಐದು ಮಹಡಿ, ಆಮೇಲೆ ಏರಿಸ್ತಾ ಹೋಗಿ.

ಅದರ ಜೊತೆಗೆ ವಾಲ್ ಸಿಟ್. ಬೆನ್ನು ಗೋಡೆಗೆ ಒರಗಿಸಿ, ಕುರ್ಚಿ ಇಲ್ದೇ ಕುರ್ಚಿಲಿ ಕೂತ ಹಾಗೆ, ಮೊಣಕಾಲು 90 ಡಿಗ್ರಿ. ಶುರುಲಿ 30 ಸೆಕೆಂಡ್ ಮೂರು ಸಲ, ಹೊರಡೋ ಹೊತ್ತಿಗೆ 90 ಸೆಕೆಂಡ್ ತಡೆಯೋ ಹಾಗಾದ್ರೆ ಒಳ್ಳೇದು. ಸ್ಕ್ವಾಟ್ ಮಾಡುವಾಗ ಮೂರು ಎಣಿಸ್ತಾ ಕೆಳಗೆ ಹೋಗಿ, ಒಂದೇ ಎಣಿಕೆಲಿ ಮೇಲೆ ಬನ್ನಿ. ಆಮೇಲೆ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ 30 ಸೆಕೆಂಡ್, ಇದು ನೋಡೋಕೆ ಏನೂ ಅಲ್ಲ ಅನ್ಸತ್ತೆ, ಮಾಡಿ ನೋಡಿ, ಪಾದದ ಕೀಲು ಹೇಗೆ ನಡುಗತ್ತೆ ಅಂತ, ಆ ಸಣ್ಣ ಸಣ್ಣ ನಡುಕಾನೇ ಹಿಮದ ಮೇಲೆ ನಿಮ್ಮ ಬ್ಯಾಲೆನ್ಸು. ಪ್ಲಾಂಕು, ಪಕ್ಕಕ್ಕೆ ಜಿಗಿಯೋದು ಇವೂ ಸೇರಿಸ್ಕೊಳ್ಳಿ. ಮೊಣಕಾಲಿಗೆ ಹಳೇ ಪೆಟ್ಟು ಇದ್ರೆ ಡಾಕ್ಟರ್ ಅಥವಾ ಫಿಸಿಯೋ ಹತ್ರ ತೋರಿಸ್ಕೊಂಡೇ ಶುರು ಮಾಡಿ.

ಹೆಜ್ಜೆ 3: ಬೂಟು

ಇಲ್ಲಿ ಅವಸರ ಬೇಡವೇ ಬೇಡ. ಸ್ಕೀ ಬೂಟಿನ ಅಳತೆಗೆ ಮೊಂಡೊಪಾಯಿಂಟ್ ಅಂತಾರೆ, ಅದು ಪಾದದ ಉದ್ದ ಸೆಂಟಿಮೀಟರಲ್ಲಿ, ಅಂದ್ರೆ 26.5 ಸೈಜ್ ಅಂದ್ರೆ 26.5 ಸೆಂಟಿಮೀಟರ್ ಪಾದ. ಮನೇಲೇ ಗೋಡೆಗೆ ಹಿಮ್ಮಡಿ ತಾಗಿಸಿ ಪೇಪರ್ ಮೇಲೆ ನಿಂತು ಎರಡೂ ಪಾದ ಅಳೀರಿ, ಸಂಜೆ ಹೊತ್ತು ಅಳೆದ್ರೆ ಒಳ್ಳೇದು ಯಾಕಂದ್ರೆ ಪಾದ ಸ್ವಲ್ಪ ಊದಿರತ್ತೆ.

ಹಾಕ್ಕೊಂಡು ನೋಡೋ ಕ್ರಮ ಹೀಗೆ. ಹಿಮ್ಮಡಿನ ಹಿಂದಕ್ಕೆ ಒಂದೆರಡು ಸಲ ಕುಟ್ಟಿ ಕೂರಿಸಿ, ಮೊದಲು ಕಣಕಾಲಿನ ಹತ್ರದ ಬಕಲ್ ಹಾಕಿ, ಆಮೇಲೆ ಮೇಲಿನದು, ಪಾದದ ಮೇಲಿನದು ಕೊನೆಗೆ, ಅದೂ ಸಡಿಲವಾಗಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಮೆತ್ತಗೆ ತಾಗಬೇಕು. ಈಗ ಮೊಣಕಾಲು ಮುಂದಕ್ಕೆ ಬಗ್ಗಿಸಿ, ಬೆರಳು ಸ್ವಲ್ಪ ಹಿಂದಕ್ಕೆ ಸರಿದು ಬಿಡುಗಡೆ ಆದ ಹಾಗೆ ಅನ್ನಿಸ್ಬೇಕು, ಹಿಮ್ಮಡಿ ಮಾತ್ರ ಮೇಲೇಳ್ಬಾರ್ದು. ನೆಟ್ಟಗೆ ನಿಂತಾಗಲೇ ಆರಾಮಾಗಿದೆ, ಬೆರಳು ಆಡಿಸೋಕೆ ಬೇಕಾದಷ್ಟು ಜಾಗ ಇದೆ ಅಂದ್ರೆ ಅದು ದೊಡ್ಡದು, ಬೇರೆ ಕೇಳಿ. ಡೌಟಿದ್ರೆ ಒಳಗಿನ ಲೈನರ್ ತೆಗೆದು ಬರೀ ಪ್ಲಾಸ್ಟಿಕ್ ಶೆಲ್ಲಲ್ಲಿ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿ ಹಿಮ್ಮಡಿ ಹಿಂದೆ ಎಷ್ಟು ಜಾಗ ಇದೆ ನೋಡಿ, ಒಂದರಿಂದ ಎರಡು ಸೆಂಟಿಮೀಟರ್ ಸರಿ. ಹದಿನೈದು ನಿಮಿಷನಾದ್ರೂ ಹಾಕ್ಕೊಂಡೇ ಓಡಾಡಿ, ಒಂದೇ ಜಾಗದಲ್ಲಿ ಚುಚ್ಚೋ ನೋವು ಬಂದ್ರೆ ಬದಲಾಯಿಸ್ಬೇಕು, ಇಡೀ ಪಾದ ಹಸ್ತಲಾಘವ ಕೊಟ್ಟ ಹಾಗೆ ಒಂದೇ ಸಮ ಬಿಗಿ ಇದ್ರೆ ಅದು ಸರಿ.

ಸಾಕ್ಸ್ ಒಂದೇ ಜೊತೆ. ತೆಳ್ಳಗಿರೋ, ಮೊಣಕಾಲ ತನಕ ಬರೋ, ಉಣ್ಣೆ ಅಥವಾ ಸಿಂಥೆಟಿಕ್. ಎರಡು ಹಾಕಿದ್ರೆ ಬೆಚ್ಚಗಾಗಲ್ಲ, ರಕ್ತ ಓಡಾಡೋಕೆ ಜಾಗ ಇಲ್ದೇ ಇನ್ನೂ ಬೇಗ ತಣ್ಣಗಾಗತ್ತೆ, ಮಡಿಕೆ ಬಿದ್ದಲ್ಲಿ ಬೊಬ್ಬೆ ಏಳತ್ತೆ. ಥರ್ಮಲ್ ಪ್ಯಾಂಟಿನ ತುದಿನೂ ಬೂಟೊಳಗೆ ತುರುಕ್ಬೇಡಿ, ಮುಕ್ಕಾಲು ಉದ್ದದ್ದು ಸಿಕ್ರೆ ಅದೇ ಒಳ್ಳೇದು. ಬೂಟೊಳಗೆ ಇರಬೇಕಾದ್ದು ಕಾಲು ಮತ್ತು ಒಂದು ಸಾಕ್ಸ್ ಅಷ್ಟೆ.

ಹೆಜ್ಜೆ 4: ಸ್ಕೀ, ಬೈಂಡಿಂಗು, ಪೋಲು

ಮೊದಲ ಒಂದೆರಡು ಟ್ರಿಪ್ಪಿಗೆ ಸ್ಕೀ ಕೊಳ್ಳಬೇಡಿ, ಬಾಡಿಗೆ ಸಾಕು. ನಿಲ್ಲಿಸಿದಾಗ ಗಲ್ಲದಿಂದ ಮೂಗಿನ ಮಟ್ಟದ ತನಕ ಬರೋದು ಹೊಸಬರಿಗೆ ಸುಲಭ, ಗಿಡ್ಡ ಇದ್ದಷ್ಟೂ ತಿರುಗಿಸೋದು ಸಲೀಸು. ಪೋಲ್ ಅಂದ್ರೆ ಕೈಲಿ ಹಿಡಿಯೋ ಕೋಲು, ಅಳೆಯೋಕೆ ಅದನ್ನ ತಲೆಕೆಳಗೆ ಮಾಡಿ ಬುಟ್ಟಿ ಥರ ಇರೋ ಚಕ್ರದ ಕೆಳಗೆ ಹಿಡೀರಿ, ಮೊಣಕೈ 90 ಡಿಗ್ರಿ ಆಗ್ಬೇಕು.

ಬೈಂಡಿಂಗ್ ಅಂದ್ರೆ ಬೂಟನ್ನ ಸ್ಕೀಗೆ ಹಿಡಿದಿಡೋ, ಬಿದ್ದಾಗ ಬಿಟ್ಟುಕೊಡೋ ಭಾಗ. ಎಷ್ಟು ಬಲ ಬಿದ್ರೆ ಬಿಡ್ಬೇಕು ಅನ್ನೋದಕ್ಕೆ ಡಿನ್ ಅನ್ನೋ ಸಂಖ್ಯೆ ಇರತ್ತೆ, ಅದನ್ನ ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ನೀವು ಎಂಥ ಸ್ಕೀಯರ್ ಅನ್ನೋದರ ಮೇಲೆ ಟೆಕ್ನಿಶಿಯನ್ ಸೆಟ್ ಮಾಡ್ತಾರೆ. ದಯವಿಟ್ಟು ತೂಕ ಸುಳ್ಳು ಹೇಳ್ಬೇಡಿ. ಹತ್ತು ಕೆಜಿ ಕಮ್ಮಿ ಹೇಳಿದ್ರೆ ಸುಮ್ಮಸುಮ್ಮನೆ ಸ್ಕೀ ಕಳಚತ್ತೆ, ನಾನು ಚೆನ್ನಾಗಿ ಮಾಡ್ತೀನಿ ಅಂತ ಜಾಸ್ತಿ ಹೇಳ್ಕೊಂಡ್ರೆ ಬಿದ್ದಾಗ ಬಿಡದೇ ಕಾಲು ತಿರುಚತ್ತೆ. ಸ್ಕ್ರೂ ಡ್ರೈವರ್ ತಗೊಂಡು ನೀವೇ ತಿರುಗಿಸೋದೂ ಬೇಡ. ಇನ್ನೊಂದು ವಿಷಯ, ಈ ಬೈಂಡಿಂಗು ಮುಖ್ಯವಾಗಿ ಕಾಲಿನ ಮೂಳೆ ಉಳಿಸೋಕೆ ಅಂತ ಆಗಿರೋದು, ಮೊಣಕಾಲಿನ ಲಿಗಮೆಂಟಿಗೆ, ಅಂದ್ರೆ ಮೂಳೆಗಳನ್ನ ಸೇರಿಸಿ ಹಿಡಿಯೋ ಪಟ್ಟಿಗೆ, ಅಷ್ಟು ರಕ್ಷಣೆ ಕೊಡಲ್ಲ. ಎಸಿಎಲ್ ಅನ್ನೋ ಮೊಣಕಾಲಿನ ಲಿಗಮೆಂಟು ಹರಿಯೋದು ಎಷ್ಟೋ ಸಲ ಹಿಂದಕ್ಕೆ ವಾಲಿ ಕೂತ ಹಾಗೆ ಬೀಳುವಾಗ. ಬೀಳ್ತಾ ಇದೀನಿ ಅಂತ ಗೊತ್ತಾದ್ರೆ ಪಕ್ಕಕ್ಕೆ ಬೀಳಿ, ಜಾರ್ತಾ ಇರುವಾಗಲೇ ಎದ್ದು ನಿಲ್ಲೋಕೆ ಹೋಗ್ಬೇಡಿ, ಜಾರೋದು ಪೂರ್ತಿ ನಿಂತ ಮೇಲೆ ಏಳಿ. ಕೈಲಿರೋ ಪೋಲ್ ಬಿಟ್ಬಿಡಿ, ಅದನ್ನ ಹಿಡ್ಕೊಂಡೇ ಬಿದ್ರೆ ಹೆಬ್ಬೆರಳಿನ ಬುಡದ ಲಿಗಮೆಂಟು ಹೋಗತ್ತೆ, ಇದು ಎಷ್ಟು ಸಾಮಾನ್ಯ ಅಂದ್ರೆ ಅದಕ್ಕೆ ಸ್ಕೀಯರ್ಸ್ ಥಂಬ್ ಅಂತಲೇ ಹೆಸರಿದೆ.

ಹೆಜ್ಜೆ 5: ತಲೆ ಮತ್ತು ಕಣ್ಣು

ಹೆಲ್ಮೆಟ್ ಮಕ್ಕಳಿಗೂ ಬೇಕು, ದೊಡ್ಡವ್ರಿಗೂ ಬೇಕು, ಕಲಿಯೋ ಜಾಗದಲ್ಲೂ ಬೇಕು. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚಲ್ಲಿ ಕೆನಡಾದಲ್ಲಿ ಹೊಸಬರ ಸ್ಲೋಪಲ್ಲಿ ಪಾಠ ಕಲೀತಾ ಇದ್ದಾಗ ಬಿದ್ರು, ಹೆಲ್ಮೆಟ್ ಇರ್ಲಿಲ್ಲ, ಎದ್ದು ಮಾತಾಡಿಕೊಂಡು ಚೆನ್ನಾಗೇ ಇದ್ರು, ಆಮೇಲೆ ತಲೆನೋವು ಶುರುವಾಗಿ ಎರಡು ದಿನದಲ್ಲಿ ತೀರ್ಕೊಂಡ್ರು. ತಲೆಬುರುಡೆ ಒಳಗೆ ರಕ್ತಸ್ರಾವ ಆಗಿತ್ತು. ಅದಕ್ಕೇ ತಲೆಗೆ ಪೆಟ್ಟಾದವ್ರು ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನೋ ಥರ ನಕ್ಕು ಎದ್ದು ಹೋದ್ರೂ ಅವರನ್ನ ರೂಮಲ್ಲಿ ಒಬ್ರನ್ನೇ ಮಲಗೋಕೆ ಬಿಡ್ಬೇಡಿ, ತಲೆನೋವು, ವಾಂತಿ, ಮಂಪರು ಬಂದ್ರೆ ತಕ್ಷಣ ಆಸ್ಪತ್ರೆ. ಹೆಲ್ಮೆಟ್ ತಗೊಳ್ಳುವಾಗ ಇಎನ್ 1077 ಅಥವಾ ಎಎಸ್‌ಟಿಎಂ ಎಫ್ 2040 ಅಂತ ಒಳಗೆ ಬರ್ದಿದ್ಯಾ ನೋಡಿ, ಸೈಕಲ್ ಹೆಲ್ಮೆಟ್ ಇದಕ್ಕೆ ಆಗಲ್ಲ. ಪಟ್ಟಿ ಹಾಕದೇನೇ ತಲೆ ಅಲ್ಲಾಡಿಸಿದಾಗ ಹಣೆಯ ಚರ್ಮ ಹೆಲ್ಮೆಟ್ ಜೊತೆ ಸರಿದ್ರೆ ಸೈಜ್ ಸರಿ.

ಗಾಗಲ್ಸಲ್ಲಿ ಎಷ್ಟು ಬೆಳಕು ತಡೆಯತ್ತೆ ಅನ್ನೋದಕ್ಕೆ ಎಸ್0ನಿಂದ ಎಸ್4 ಅಂತ ಕೆಟಗರಿ ಇರತ್ತೆ, ಮೋಡ ಮುಸುಕಿದ ದಿನಕ್ಕೆ ಎಸ್1, ಚುರುಕು ಬಿಸಿಲಿಗೆ ಎಸ್3, ಒಂದೇ ತಗೊಳ್ಳೋದಾದ್ರೆ ಎಸ್2. ಕನ್ನಡಕ ಹಾಕೋರು ಕನ್ನಡಕದ ಮೇಲೇ ಕೂರೋ ಗಾಗಲ್ಸ್ ಕೇಳಿ, ಹೆಲ್ಮೆಟ್ ಜೊತೆಗೇ ಇಟ್ಟು ನೋಡಿ.

ಸನ್‌ಸ್ಕ್ರೀನ್ ವಿಷಯ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ. ಪ್ರತಿ 1000 ಮೀಟರ್ ಮೇಲೆ ಹೋದ ಹಾಗೆ ಯುವಿ, ಅಂದ್ರೆ ಬಿಸಿಲಲ್ಲಿ ಚರ್ಮ ಸುಡೋ ಕಿರಣ, ಸುಮಾರು ಶೇ. 10 ಜಾಸ್ತಿ, ಹೊಸ ಹಿಮ ತನ್ನ ಮೇಲೆ ಬಿದ್ದ ಯುವಿಯಲ್ಲಿ ಶೇ. 80ರ ತನಕ ವಾಪಸ್ ಎಸೆಯತ್ತೆ, ಅಂದ್ರೆ ಬಿಸಿಲು ಮೇಲಿಂದನೂ ಬರತ್ತೆ ಕೆಳಗಿಂದನೂ ಬರತ್ತೆ. ಮೂಗಿನ ಹೊಳ್ಳೆ ಕೆಳಗೆ, ಗಲ್ಲದ ಅಡಿಲಿ, ಕಿವಿ ಹಿಂದೆ ಹಚ್ಕೊಳ್ಳಿ, ಎಸ್‌ಪಿಎಫ್ 30ರಿಂದ 50. ಕಣ್ಣಿಗೆ ಏನೂ ಹಾಕದೇ ತಿರುಗಿದ್ರೆ ಆಗ ಏನೂ ಗೊತ್ತಾಗಲ್ಲ, ರಾತ್ರಿ ಹೊತ್ತಿಗೆ ಕಣ್ಣಲ್ಲಿ ಮರಳು ಹಾಕಿ ಉಜ್ಜಿದ ಹಾಗೆ ಉರಿಯತ್ತೆ.

ಹೆಜ್ಜೆ 6: ಈಗ ಬಟ್ಟೆ

ಮೂರು ಪದರ. ಮೈಗೆ ತಾಗೋದು ಮೆರಿನೋ ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್ ಥರದ್ದು, ಎಲ್ಲಕ್ಕಿಂತ ಮೇಲೆ ಗಾಳಿ ನೀರು ತಡೆಯೋ ಶೆಲ್. ಕಾಟನ್ ಮಾತ್ರ ಒಂದು ಎಳೆನೂ ಬೇಡ, ಬನಿಯನ್ ಕೂಡ, ಯಾಕಂದ್ರೆ ಬೆವರು ಕುಡಿದು ಒಣಗಲ್ಲ, ಲಿಫ್ಟಲ್ಲಿ ಹತ್ತು ನಿಮಿಷ ಸುಮ್ನೆ ಕೂತಾಗ ಒದ್ದೆ ಬಟ್ಟೆ ಮೈಯಿನ ಶಾಖ ಎಳೆಯತ್ತೆ. ಜಾಕೆಟ್, ಪ್ಯಾಂಟಿನ ಲೇಬಲ್ ಮೇಲೆ ವಾಟರ್‌ಪ್ರೂಫ್ 10,000 ಮಿಮೀ ಅಂತ ಇದ್ರೆ ಸಾಕು. ಹೊಸಬರು ಪ್ಯಾಂಟಿಗೆ ಜಾಸ್ತಿ ಖರ್ಚು ಮಾಡಿ, ಹಿಮದಲ್ಲಿ ಕೂರೋದೇ ಜಾಸ್ತಿ ಇರತ್ತೆ.

ಗಾಳಿ ಲೆಕ್ಕ ಮರೀಬೇಡಿ. ಥರ್ಮಾಮೀಟರ್ ಮೈನಸ್ 10 ತೋರಿಸ್ತಾ ಇದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ಇದ್ರೆ ಚರ್ಮಕ್ಕೆ ಮೈನಸ್ 20ರ ಹಾಗೆ ತಾಗತ್ತೆ, ಗಾಳಿ ಇಲ್ದಿದ್ರೂ ನೀವೇ ಆ ಸ್ಪೀಡಲ್ಲಿ ಇಳಿದ್ರೆ ಅದೇ ಕಥೆ. ಕುತ್ತಿಗೆಗೆ ಮಫ್ಲರ್ ಬೇಡ, ಹಾರಿ ಲಿಫ್ಟಿಗೆ ಸಿಕ್ಕಿಹಾಕ್ಕೊಳ್ಳತ್ತೆ, ಕೊಳವೆ ಥರ ಇರೋ ನೆಕ್ ಗೇಟರ್ ತಗೊಳ್ಳಿ. ಕೈ ಬೇಗ ತಣ್ಣಗಾಗೋರು ಬೆರಳೆಲ್ಲ ಒಟ್ಟಿಗೆ ಇರೋ ಮಿಟನ್ ಹಾಕಿ. ಜೊತೆಯವರ ಕೆನ್ನೆ, ಮೂಗು ಆಗಾಗ ನೋಡ್ತಾ ಇರಿ, ಬಿಳಿಚಿಕೊಂಡ ಮಚ್ಚೆ ಕಂಡು ಅಲ್ಲಿ ಸ್ಪರ್ಶ ಇಲ್ಲ ಅಂದ್ರೆ ಒಳಗೆ ಹೋಗಿ ಬೆಚ್ಚಗೆ ಮಾಡ್ಬೇಕು, ಹಿಮದಿಂದ ಉಜ್ಜಬಾರ್ದು.

ಹೆಜ್ಜೆ 7: ಇನ್ಶೂರೆನ್ಸು, ಪಾಠ, ಪಾಸು

ಮಾಮೂಲಿ ಟ್ರಾವೆಲ್ ಪಾಲಿಸಿಲಿ ಎಷ್ಟೋ ಸಲ ಸ್ಕೀ ಸೇರಿರಲ್ಲ. ವಿಂಟರ್ ಸ್ಪೋರ್ಟ್ಸ್ ಅಂತ ಬರ್ದಿದ್ಯಾ, ಬೆಟ್ಟದಿಂದ ಹೆಲಿಕಾಪ್ಟರಲ್ಲಿ ಇಳಿಸೋ ಖರ್ಚು ಇದ್ಯಾ, ನಿಮ್ಮಿಂದ ಬೇರೆಯವ್ರಿಗೆ ಪೆಟ್ಟಾದ್ರೆ ಕವರ್ ಇದ್ಯಾ, ಮೂರೂ ಓದಿ ನೋಡಿ. ಇಟಲಿಲಿ 2022ರ ಜನವರಿಯಿಂದ ಈ ಮೂರನೇದು ಕಾನೂನು ಪ್ರಕಾರ ಕಡ್ಡಾಯ. ಕುಡಿದು ಬಿದ್ರೆ ಅಥವಾ ಮಾರ್ಕ್ ಮಾಡಿದ ಜಾಗ ಬಿಟ್ಟು ಹೋದ್ರೆ ದುಡ್ಡು ಸಿಗಲ್ಲ ಅನ್ನೋ ಷರತ್ತು ಮಾಮೂಲಿ.

ಪಾಠ ಮುಂಚೆನೇ ಬುಕ್ ಮಾಡಿ, ಕನಿಷ್ಠ ಮೂರು ದಿನದ್ದು. ಫ್ರೆಂಡ್ ಕಲಿಸ್ತೀನಿ ಅಂದ್ರೆ ಪ್ರೀತಿಯಿಂದ ಬೇಡ ಅನ್ನಿ, ಅವರಿಗೆ ಸ್ಕೀ ಬರಬಹುದು, ಕಲಿಸೋದು ಬೇರೆ ವಿದ್ಯೆ. ಲಿಫ್ಟ್ ಪಾಸ್ ಬಹುತೇಕ ಕಡೆ ಗೇಟಲ್ಲಿ ತಾನೇ ಓದೋ ಕಾರ್ಡು, ಅದನ್ನ ಜಾಕೆಟ್ಟಿನ ಎಡಗಡೆ ಜೇಬಲ್ಲಿ ಒಂದನ್ನೇ ಇಡಿ, ಫೋನ್ ಜೊತೆ ಇಟ್ರೆ ಓದಲ್ಲ. ಫೋನು ಒಳ ಜೇಬಲ್ಲಿ ಮೈಗೆ ಹತ್ರ ಇರಲಿ, ಚಳಿಗೆ ಬ್ಯಾಟರಿ ಇದ್ದಕ್ಕಿದ್ದ ಹಾಗೆ ಸತ್ತು ಹೋಗತ್ತೆ.

ಹೆಜ್ಜೆ 8: ಬಣ್ಣ ಮತ್ತು ನಿಯಮ ಮನೇಲೇ ಓದ್ಕೊಳ್ಳಿ

ಬಣ್ಣ ಎಲ್ಲಾ ಕಡೆ ಒಂದೇ ಅಲ್ಲ. ಯೂರೋಪಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ, ಫ್ರಾನ್ಸಲ್ಲಿ ನೀಲಿಗಿಂತ ಸುಲಭದ್ದಕ್ಕೆ ಹಸಿರು. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಒಂದು ಕಡೆ ನೀಲಿ ಇಳಿದೆ ಅಂತ ಇನ್ನೊಂದು ಕಡೆ ನೀಲಿಗೆ ಹೋದ್ರೆ ನಡುಬೆಟ್ಟದಲ್ಲಿ ಸಿಕ್ಕಿಹಾಕ್ಕೋತೀರ. ಹಾಸಿಗೆ ಇದ್ದಷ್ಟು ಕಾಲು ಚಾಚೋದು ಇಲ್ಲಿ ಅಕ್ಷರಶಃ ನಿಜ.

ಅಂತಾರಾಷ್ಟ್ರೀಯ ಸ್ಕೀ ಸಂಸ್ಥೆ ಎಫ್‌ಐಎಸ್ ಹತ್ತು ನಿಯಮ ಮಾಡಿದೆ. ಅದರಲ್ಲಿ ತಲೇಲಿ ಕೂರಿಸ್ಕೋಬೇಕಾದ್ದು: ನಿಮಗಿಂತ ಕೆಳಗಿರೋರಿಗೆ ಮೊದಲ ಹಕ್ಕು, ಹಿಂದಿಂದ ಬರೋರೇ ತಪ್ಪಿಸ್ಕೊಂಡು ಹೋಗ್ಬೇಕು. ನಿಲ್ಲೋದಾದ್ರೆ ಅಂಚಲ್ಲಿ ನಿಲ್ಲಿ, ತಿರುವಿನ ಮರೇಲಿ, ಇಕ್ಕಟ್ಟಿನ ಜಾಗದಲ್ಲಿ ಬೇಡ. ಹೊರಡುವಾಗ ಮೇಲೂ ನೋಡಿ ಕೆಳಗೂ ನೋಡಿ. ಯಾರಾದ್ರೂ ಬಿದ್ದು ಏಳೋಕಾಗ್ದಿದ್ರೆ ಅವರಿಗಿಂತ ಸ್ವಲ್ಪ ಮೇಲೆ ಎರಡು ಸ್ಕೀನ ಎಕ್ಸ್ ಥರ ಒಂದಕ್ಕೊಂದು ಅಡ್ಡ ಮಾಡಿ ಹಿಮಕ್ಕೆ ಚುಚ್ಚಿ, ಆ ಗುರುತು ಕಂಡ್ರೆ ಬರೋರು ಪಕ್ಕಕ್ಕೆ ಹೋಗ್ತಾರೆ. ಸ್ಲೋಪ್ ಪಕ್ಕದ ಕಂಬದ ಮೇಲೆ ನಂಬರ್ ಇದ್ರೆ ರೆಸ್ಕ್ಯೂ ಟೀಮಿಗೆ ಅದನ್ನೇ ಹೇಳಿ.

ಹಗ್ಗ ಕಟ್ಟಿ ಮುಚ್ಚಿರೋ ಜಾಗಕ್ಕೆ ಕಾಲಿಡಬೇಡಿ. ಹಿಮಕುಸಿತದ, ಅಂದ್ರೆ ಬೆಟ್ಟದಿಂದ ಹಿಮದ ರಾಶಿ ಜಾರಿ ಬೀಳೋ, ಅಪಾಯಕ್ಕೆ 1ರಿಂದ 5ರ ತನಕ ಅಳತೆ ಇದೆ, 3 ಅಂದ್ರೆ ಮಧ್ಯದಲ್ಲಿದೆ ಪರವಾಗಿಲ್ಲ ಅಂತ ಅಲ್ಲ, ಅದು ಗಣನೀಯ ಅಪಾಯ. ಹಿಮದಡಿ ಸಿಕ್ಕೋರು ಬದುಕೋದು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದ್ರೆ, ಆಮೇಲೆ ಸಾಧ್ಯತೆ ಬೇಗ ಕುಸಿಯತ್ತೆ. ಮಾರ್ಕ್ ಬಿಟ್ಟು ಹೋಗೋರಿಗೆ ಹಿಮದಡಿ ಸಿಕ್ಕೋರನ್ನ ಸಿಗ್ನಲ್ ಮೇಲೆ ಹುಡುಕೋ 457 ಕಿಲೋಹರ್ಟ್ಸಿನ ಟ್ರಾನ್ಸೀವರ್, ಸಲಿಕೆ, ಚುಚ್ಚಿ ಹುಡುಕೋ ಉದ್ದ ಕಡ್ಡಿ, ಗೈಡು ಇವೆಲ್ಲ ಬೇಕು, ಮೊದಲ ಟ್ರಿಪ್ಪಲ್ಲಿ ಆ ಕಡೆ ಹೋಗೋದೇ ಬೇಡ.

ಹೆಜ್ಜೆ 9: ಅಲ್ಲಿ ಮೊದಲ ಎರಡು ದಿನ

ಬೂಟು ಒಳಗೇ ಹಾಕ್ಕೊಂಡು ಹೊರಡಿ, ಚಳಿಗೆ ಪ್ಲಾಸ್ಟಿಕ್ ಗಟ್ಟಿಯಾದ ಮೇಲೆ ಕಾಲು ಹೋಗಲ್ಲ. ಸ್ಕೀ ಹಾಕೋ ಮುಂಚೆ ಬೂಟಿನ ಅಡಿ ಮೆತ್ತಿರೋ ಹಿಮ ಕೆರೆದು ತೆಗೀರಿ, ಇಲ್ಲಾಂದ್ರೆ ಬೈಂಡಿಂಗ್ ಸರಿಯಾಗಿ ಕೂರಲ್ಲ. ಚೇರ್ ಲಿಫ್ಟಲ್ಲಿ ಪೋಲಿನ ಪಟ್ಟಿಯಿಂದ ಕೈ ತೆಗೆದು ಎರಡೂ ಒಂದೇ ಕೈಲಿ ಹಿಡೀರಿ, ಕುರ್ಚಿ ಬರೋದನ್ನ ತಿರುಗಿ ನೋಡಿ ಕೂತ್ಕೊಳ್ಳಿ, ಸರಳು ಇಳಿಸಿ, ಇಳಿಯುವಾಗ ಸ್ಕೀ ಮೂತಿ ಮೇಲೆತ್ತಿ, ಇಳಿದ ತಕ್ಷಣ ಅಲ್ಲೇ ನಿಲ್ಲದೇ ಪಕ್ಕಕ್ಕೆ ಸರೀರಿ.

ಕಲಿಯುವಾಗ ಇಡೀ ದಿನ ಒಂದು ವಿಷಯ ನೆನಪಿರಲಿ, ಬೂಟಿನ ನಾಲಿಗೆಗೆ ಮೊಣಕಾಲ ಕೆಳಗಿನ ಮೂಳೆ ಸದಾ ಒತ್ತಿರಬೇಕು. ಭಯ ಆದಾಗ ಮೈ ತಾನಾಗೇ ಹಿಂದಕ್ಕೆ ಹೋಗತ್ತೆ, ಹಿಂದಕ್ಕೆ ಹೋದ್ರೆ ಸ್ಕೀ ಮುಂದಕ್ಕೆ ಓಡತ್ತೆ, ಇನ್ನೂ ಭಯ ಆಗತ್ತೆ. ಆ ಒತ್ತಡ ಕಳ್ಕೊಂಡ ಕ್ಷಣ ಗೊತ್ತಾಗೋಕೆ ಶುರುವಾದ್ರೆ ಅರ್ಧ ಕಲಿತ ಹಾಗೆ.

ಬಾಯಾರದಿದ್ರೂ ನೀರು ಕುಡೀರಿ. ಮಧ್ಯಾಹ್ನದ ಮೇಲೆ ತೊಡೆ ನಡುಗೋಕೆ ಶುರುವಾದ್ರೆ ಇನ್ನೊಂದೇ ಒಂದು ರನ್ ಅಂತ ಹೋಗ್ಬೇಡಿ, ಲಿಫ್ಟಲ್ಲೇ ಕೆಳಗೆ ಬನ್ನಿ, ಬಹಳಷ್ಟು ಕಡೆ ಕ್ಯಾಬಿನ್ ಲಿಫ್ಟಲ್ಲಿ ಇಳಿಯೋಕೆ ಬಿಡ್ತಾರೆ.

ಸಂಜೆ ರೂಮಿಗೆ ಬಂದ ತಕ್ಷಣ ಲೈನರ್ ಸಡಿಲ ಮಾಡಿ ಅಥವಾ ಹೊರಗೆ ತೆಗೆದು ಒಣಗೋಕೆ ಬಿಡಿ, ಹೀಟರ್ ಮೇಲೇ ಇಡಬೇಡಿ, ಆಕಾರ ಕೆಡತ್ತೆ. ಸಾಕ್ಸ್ ದಿನಕ್ಕೊಂದು ಹೊಸದು. ಪಾದ ತೊಳೆದು ಒರೆಸಿ ಕೆಂಪಾದ ಜಾಗ ಎಲ್ಲಿ ಅಂತ ಕೈಲಿ ಮುಟ್ಟಿ ನೋಡಿ, ಅಲ್ಲಿಗೆ ಟೇಪ್ ಹಚ್ಚಿ ಇಟ್ಕೊಳ್ಳಿ, ಬೂಟೇ ತೊಂದರೆ ಅಂತ ಅನ್ನಿಸಿದ್ರೆ ಬೆಳಿಗ್ಗೆ ಪಾಠಕ್ಕೆ ಮುಂಚೆನೇ ಬಾಡಿಗೆ ಅಂಗಡಿಗೆ ಹೋಗಿ ಬದಲಾಯಿಸಿ, ಇದು ಮಾಮೂಲಿ ಕೆಲಸ, ಕೇಳೋಕೆ ಸಂಕೋಚ ಬೇಡ.